ಮಹಡಿಗೆ ಹೋದ ನೀರು

ನಾರಾಯಣ ಪೇಠ, ಪುಣೆ
ಶನಿವಾರ, ೧೪ ಜುಲೈ ೧೯೭೯

ಚಿ. ಸೌ. ಗೌರಾಬಾಯಿಗೆ,

ನಿನ್ನ ಗಂಡ ರಾಮಲಿಂಗಪ್ಪನ ಆಶೀರ್ವಾದ. ಈ ಮಾತು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ಆಶೀರ್ವಾದ ಮಾಡುವಂಥ ಕೆಲಸ ನಾನೇನೂ ಮಾಡಿಲ್ಲ. ಆದರೆ ಹೆಂಡತಿಗೆ ಪತ್ರ ಬರೆಯುವವರು ಬೇರೆ ಏನು ಬರೆಯುತ್ತಾರೋ ನನಗೆ ಗೊತ್ತಿಲ್ಲ. ಹತ್ತು ವರ್ಷದಲ್ಲಿ ನಿನಗೆ ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ.

ನೀನು ಅಥಣಿಗೆ, ನಿಮ್ಮವ್ವನ ಮನೆಗೆ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ನೀನೇ ಮೊದಲು ಬರೆಯುತ್ತೀ ಅಂತ ಕಾದೆ. ಎದುರು ಕೋಣೆಯ ಕಾಶವ್ವ ದಿನಾಲೂ ನಲ್ಲಿಯ ಹತ್ತಿರ ನಿಂತು, ಊರಿಂದ ಪತ್ರ ಬಂತೇನಪಾ ಅಂತ ಇಡೀ ವಾಡೆಯ ಬಿಡಾರಗಳಿಗೆಲ್ಲ ಕೇಳುವ ಹಾಗೆ ಕೇಳುತ್ತಾಳೆ. ಬಂದದವಾ, ಆರಾಮ ಇದ್ದಾಳ ಅಂತ ಸುಳ್ಳು ಹೇಳುತ್ತೇನೆ. ಊಟ ಸುಬ್ಬಯ್ಯನ ಖಾನಾವಳಿಯಲ್ಲಿ. ಅವನ ಸಾರಿನಲ್ಲಿ ಬೇಳೆ ಹುಡುಕಲು ಕನ್ನಡಕ ಬೇಕು.

ಮೊದಲು ನನ್ನ ಕಡೆಯಿಂದ ಹೇಳುತ್ತೇನೆ, ಸಿಟ್ಟಾಗದೆ ಓದು. ಹೋದ ದೀಪಾವಳಿಗೆ ಮೇಲಿನ ಕೋಣೆ ಖಾಲಿಯಾದಾಗ, ನಾವು ಅಲ್ಲಿಗೆ ಹೋಗೋಣರಿ ಅಂತ ನೀನು ಕೇಳಿದ್ದೆ. ನನಗೆ ಮೊಣಕಾಲು ನೋವು, ಕೆಳಗೆ ನಲ್ಲಿ ಹತ್ತಿರ, ಸುಮ್ಮನಿರು ಅಂದಿದ್ದೆ. ಆ ಕೋಣೆಗೆ ಬಂದವನು ಮೋಹನದಾಸ್, ಬೆಳಗಾವಿ ಕಡೆಯ ಡ್ರಾಯಿಂಗ್ ಮಾಸ್ತರ. ಮದುವೆ ಇಲ್ಲ. ತನ್ನ ಅಂಗಿ ತಾನೇ ಒಗೆದುಕೊಂಡು ಬಕಪಕ್ಷಿಯ ಹಾಗೆ ಬೆಳ್ಳಗೆ ಓಡಾಡುವ ಮನುಷ್ಯ. ಕಿಸೆಯಲ್ಲಿ ಬಾಚಣಿಕೆ. ಅವನಿಗೆ ಬಾಚಲು ಕೂದಲೂ ಇವೆ.

ಅವನು ಬಂದ ತಿಂಗಳೇ ನಿನ್ನ ಸೋಮವಾರಗಳು ಬದಲಾದವು. ನಲ್ಲಿ ಬಂದ ಕೂಡಲೇ ಮೊದಲ ಕೊಡ ನಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲ, ಮಹಡಿಗೆ ಹೋಗುತ್ತಿತ್ತು. ಅದೂ ನಿಮ್ಮವ್ವ ಕೊಟ್ಟ ತಾಮ್ರದ ಕೊಡ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಒಮ್ಮೊಮ್ಮೆ ಸೆರಗಿನ ಮರೆಯಲ್ಲಿ ಡಬ್ಬಿ, ಒಮ್ಮೆ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ. ಹೋಗುವಾಗ ಕೈ ತುಂಬಾ, ಬರುವಾಗ ಖಾಲಿ ಕೊಡ. ಏನದು ಅಂದರೆ, ಏನಿಲ್ರಿ, ಸುಮ್ನ ಇಟ್ಟ ಬಂದೆ ಅನ್ನುತ್ತಿದ್ದೆ. ಪರಗಂಡಸಿನ ಕೋಣೆಯಲ್ಲಿ ಹೆಂಡತಿ ಸುಮ್ಮನೆ ಇಟ್ಟು ಬಂದಳು ಅಂದರೆ ಗಂಡನಾದವನು ಏನು ತಿಳಿಯಬೇಕು?

ನನಗೆ ಹೊಟ್ಟೆಕಿಚ್ಚು ಬಂತು ಗೌರಾ. ಬಿಡಿಸಿ ಹೇಳಲು ಈಗ ನಾಚಿಕೆಯಿಲ್ಲ. ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಅಂಗಳದಲ್ಲೇ ನಿಲ್ಲುತ್ತಿದ್ದೆ. ವಸಡಿನಿಂದ ರಕ್ತ ಬರುವ ತನಕ ಉಜ್ಜಿದ್ದೇನೆ. ಮೇಲಕ್ಕೆ ಹದಿನಾಲ್ಕು ಮೆಟ್ಟಿಲು. ಒಮ್ಮೆ ಗಡಿಯಾರ ಹಿಡಿದು ನೋಡಿದೆ, ನೀನು ಇಳಿದು ಬರಲು ಹನ್ನೊಂದು ನಿಮಿಷ. ಒಂದು ಕೊಡ ಇಟ್ಟು ಬರಲು ಹನ್ನೊಂದು ನಿಮಿಷ ಯಾಕೆ ಬೇಕು? ಅವನು ನಿನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಅಂತ ಕರೆಯುವ ಧಾಟಿಯನ್ನು ಆಫೀಸಿನಲ್ಲಿ ಒಬ್ಬನೇ ಕೂತು ಅಂದು ನೋಡಿದ್ದೇನೆ. ಅಷ್ಟು ಮೆತ್ತಗೆ ನನಗೆ ಬರಲಿಲ್ಲ.

ಜೂನ್ ಹದಿನೆಂಟನೆಯ ತಾರೀಖು ನಡೆದದ್ದು ನಿನಗೆ ಗೊತ್ತೇ ಇದೆ. ನೀನು ಮೂರನೆಯ ಮೆಟ್ಟಿಲ ಮೇಲಿದ್ದೆ. ನಾನು ಕೆಳಗೆ ನಿಂತು, ಕಟ್ಟಿಕೊಂಡ ಗಂಡಗ ಚಹಾಕ್ಕ ನೀರಿಲ್ಲ, ಮ್ಯಾಲಿನವಗ ಕೊಡ ತುಂಬಿ ಸೇವಾ ನಡದದ ಅಂದೆ. ಕಾಶವ್ವನೂ ಮಾಲಕರ ಹೆಂಡತಿಯೂ ಅಲ್ಲೇ ನಿಂತಿದ್ದರು. ನೀನು ಕೊಡವನ್ನು ಮೆಟ್ಟಿಲ ಮೇಲೆ ಇಳಿಸಿದೆ, ಆಮೇಲೆ ಅದು ಜಾರಿ ಬಿತ್ತು. ನೀನು ಅರಿವೆ ತಂದು ಮೆಟ್ಟಿಲು ಒರೆಸಿದೆ, ಕೊಡವನ್ನು ಒಲೆಯ ಪಕ್ಕ ಬೋರಲು ಹಾಕಿದೆ, ಸಂಜೆಯ ಬಸ್ಸಿಗೆ ಹೊರಟೆ. ಸ್ವಾರಗೇಟಿನ ಬಸ್ ಸ್ಟ್ಯಾಂಡಿನ ತನಕ ನಾನು ಬರಲಿಲ್ಲ. ಬರಬೇಕಿತ್ತು.

ಇನ್ನು ಈ ವಾರದ ಸುದ್ದಿ. ಅಮೇರಿಕದವರು ಆಕಾಶಕ್ಕೆ ಹಾರಿಸಿದ್ದ ಸ್ಕೈಲ್ಯಾಬು ಕಳಚಿ ಭೂಮಿಯ ಮೇಲೆ ಬೀಳುತ್ತದೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ ಅನ್ನುವ ಗದ್ದಲ ಅಥಣಿಗೂ ಬಂದಿರಬೇಕು. ಇಲ್ಲಂತೂ ಜನಕ್ಕೆ ಹುಚ್ಚು ಹಿಡಿದಿತ್ತು. ಅಂಗಡಿಗಳಲ್ಲಿ ಅವಲಕ್ಕಿ, ಮೇಣದಬತ್ತಿ, ಕಡ್ಡಿಪೆಟ್ಟಿಗೆ ಖಾಲಿ. ವಾಡೆಯವರೆಲ್ಲ ಹಂಡೆ, ಬಕೆಟ್ಟು, ಕಡೆಗೆ ಕೂಸಿಗೆ ಎರೆಯುವ ತೊಟ್ಟಿಗೂ ನೀರು ತುಂಬಿಟ್ಟರು. ನಾನು ನಕ್ಕೆ. ನಾನು ಯಾವಾಗಲೂ ನಗುವವನು, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನವಿಡೀ ವಿಮಾ ಕಚೇರಿಯಲ್ಲಿ ಊರವರ ಆಪತ್ತಿನ ಕಾಗದ ಬರೆದು, ಮನೆಗೆ ಬಂದು, ಆಪತ್ತಿಗೆ ಅಂತ ನೀನು ತುಂಬಿಡುವ ಡಬ್ಬಿಗಳನ್ನು ಕಂಡು ನಗುತ್ತಿದ್ದೆ. ಜನರ ಮನೆಯಲ್ಲಿ ಮಕ್ಕಳು, ನಮ್ಮ ಮನೆಯಲ್ಲಿ ಡಬ್ಬಿ ಅಂತ ಒಮ್ಮೆ ಗೆಳೆಯರ ಮುಂದೆ ಅಂದೆ. ನೀನು ಆಗ ಚಹಾ ಸೋಸುತ್ತಿದ್ದೆ. ಕೈ ನಿಲ್ಲಲಿಲ್ಲ ಅಂತ ನಾನು ಅದನ್ನು ಅಲ್ಲಿಗೇ ಮರೆತೆ.

ಬುಧವಾರ ಎಲ್ಲರೂ ಒಮ್ಮೆಲೇ ನೀರು ಹಿಡಿದರು. ಮಧ್ಯಾಹ್ನಕ್ಕೆ ನಲ್ಲಿ ದಾರದಷ್ಟು ಸಣ್ಣಗಾಗಿ, ನಾಲ್ಕು ಗಂಟೆಗೆ ನಿಂತೇ ಹೋಯಿತು. ಆಫೀಸಿನಿಂದ ಬಂದರೆ ಮನೆಯಲ್ಲಿ ಒಂದು ಹನಿ ಇಲ್ಲ. ನೀನು ಹೋದ ಮೇಲೆ ಸ್ನಾನಕ್ಕೆ ಒಂದು ಬಕೆಟ್ಟು ಬಿಟ್ಟರೆ ನಾನು ಏನೂ ತುಂಬಿಟ್ಟಿಲ್ಲ. ಡಬ್ಬಿಗಳೂ ಖಾಲಿ. ನೀನು ಹೋದ ಮರುದಿನ ಸಿಟ್ಟಿನಲ್ಲಿ ಎಲ್ಲವನ್ನೂ ಚೀಲಕ್ಕೆ ಸುರಿದು ಕಾಶವ್ವನಿಗೆ ಕೊಟ್ಟಿದ್ದೆ. ಖಾನಾವಳಿಗೆ ಹೋದರೆ ಅಲ್ಲಿ ಬೀಗ. ಸಾಯೋದಾದ್ರ ನಮ್ಮೂರಾಗ ಸಾಯ್ತೀನಿ ಅಂತ ಸುಬ್ಬಯ್ಯ ರೈಲು ಹತ್ತಿದ್ದನಂತೆ. ಕಾಶವ್ವನ ಹತ್ತಿರ ನನ್ನ ಮನೆಯದೇ ಅವಲಕ್ಕಿ ತಿರುಗಿ ಕೇಳಲು ಬಾಯಿ ಬರಲಿಲ್ಲ. ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದೆ.

ಆರು ಗಂಟೆಯ ಸುಮಾರಿಗೆ ಮೇಲಿನಿಂದ ಮಾಸ್ತರ ಕರೆದ. ರಾಮಲಿಂಗಪ್ಪನವರ, ಮ್ಯಾಲೆ ಬರ್ರಿ ಅಂದ. ಬರೋದಿಲ್ಲ ಅಂತ ಕೈ ಆಡಿಸಿದೆ. ನೀರಡಿಕಿ ಆಗಿಲ್ಲೇನ್ರಿ ಅಂದ. ಆಗಿತ್ತು. ಭಾಳ ಆಗಿತ್ತು.

ಅವನ ಕೋಣೆಗೆ ನಾನು ಹೋದದ್ದು ಅದೇ ಮೊದಲು. ಮೂಲೆಯಲ್ಲಿ ಎರಡು ಕೊಡ, ಬಾಯಿಗೆ ಬಿಳಿ ಅರಿವೆ ಕಟ್ಟಿದ್ದವು. ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಒಂದು ಟ್ರಂಕು. ಅವನು ಗ್ಲಾಸು ತುಂಬಿ ಕೊಟ್ಟ. ಇದು ನನ್ನ ಹೆಂಡತಿ ಇವನಿಗೆ ಹೊತ್ತು ತಂದ ನೀರು ಅಂತ ಪ್ರತಿ ಗುಟುಕಿಗೂ ಅನ್ನಿಸುತ್ತಿತ್ತು. ಆದರೂ ಎರಡು ಗ್ಲಾಸು ಕುಡಿದೆ. ಉಪಕಾರ ಆತು ಅಂದೆ, ಹಲ್ಲು ಕಚ್ಚಿಕೊಂಡು. ನಂದೇನ ಉಪಕಾರರಿ, ನೀರು ನಿಮ್ಮದು, ನಾ ಒಂದ ಗುಟುಕೂ ಮುಟ್ಟಿಲ್ಲ, ವೈನಿ ಖಡಕ್ಕಾಗಿ ಹೇಳ್ಯಾರ ಅಂದ. ಟ್ರಂಕಿನ ಕೀಲಿಯನ್ನು ಗೂಟದಿಂದ ತೆಗೆದು ನನ್ನ ಕೈಯಲ್ಲಿಟ್ಟ.

ತೆಗೆದೆ. ರೊಟ್ಟಿ, ಶೇಂಗಾ ಚಟ್ನಿ, ಪುಠಾಣಿ, ಬೆಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ. ನಾನು ಕುಡಿಯುವ ಚಹಾಪುಡಿ. ನನ್ನ ಹೊಟ್ಟೆನೋವಿನ ಗುಳಿಗೆ. ನನ್ನ ಮಫ್ಲರು, ಒಂದು ವಿಭೂತಿ ಗಟ್ಟಿ. ಸಂಕ್ರಾಂತಿಯಲ್ಲಿ ಕಳೆದುಹೋಯಿತು ಅಂತ ನಿನ್ನನ್ನೇ ಬೈದಿದ್ದೆನಲ್ಲ, ಆ ಹಳೆಯ ಕನ್ನಡಕ, ಮುರಿದ ಕಡ್ಡಿಗೆ ನೀನು ದಾರ ಸುತ್ತಿ ಗಟ್ಟಿ ಮಾಡಿದ್ದೆ. ಎರಡು ಗ್ಲಾಸು, ಎರಡು ತಾಟು. ತಳದ ತನಕ ಹುಡುಕಿದೆ ಗೌರಾ. ನಿನ್ನದು ಅಂತ ಒಂದು ಸೀರೆ ಕೂಡ ಇರಲಿಲ್ಲ.

ಯಾಕ ಇಲ್ಲಿ ಇಟ್ಟಾಳ ಅಂತ ಕೇಳಿದೆ. ಮಾಸ್ತರರು ನಕ್ಕರು. ಕೆಳಗಿಟ್ರ ಎರಡು ಕಾಟ, ಒಂದು ಹೊಳೀದು, ಇನ್ನೊಂದು ನಮ್ಮ ಯಜಮಾನರದು ಅಂತ ನೀನು ಹೇಳಿದ್ದೆಯಂತೆ. ಮಾತು ಸುಳ್ಳಲ್ಲ. ನೀನು ಆಪತ್ತಿಗೆ ಅಂತ ಇಟ್ಟ ಶೇಂಗಾ ಉಂಡಿಯನ್ನು ಆಫೀಸಿಗೆ ಒಯ್ದು ಹಂಚಿದವನು ನಾನೇ. ಆದರೆ ನೀವಿಬ್ಬರೂ ಸೇರಿ ನನ್ನ ಮೇಲೆ ನಕ್ಕಿರಿ ಅಂತ ತಿಳಿದು, ಆ ಗಳಿಗೆಯಲ್ಲೂ ಟ್ರಂಕಿನ ಮುಚ್ಚಳವನ್ನು ಧಡ್ ಅಂತ ಹಾಕಿದೆ.

ಆಮೇಲೆ ಅವರು ಅರವತ್ತೊಂದರಲ್ಲಿ ಪಾನಶೆತ್ ಆಣೆಕಟ್ಟು ಒಡೆದು ಪುಣೆಗೆ ನೆರೆ ನುಗ್ಗಿದ ದಿನದ ಮಾತು ತೆಗೆದರು. ನಿಮಗ ಗೊತ್ತೇ ಅದಲ್ರಿ ಅಂತ ಶುರು ಮಾಡಿದರು. ಹೌದು ಹೌದು ಅಂತ ತಲೆ ಆಡಿಸಿದೆ. ನನಗೆ ಗೊತ್ತಿದ್ದದ್ದು ಅರ್ಧ. ಆಗ ನಿಮ್ಮ ಮನೆ ಅಥಣಿಯಲ್ಲಲ್ಲ, ಇಲ್ಲೇ ಶನಿವಾರ ಪೇಠೆಯಲ್ಲಿ ಹೊಳೆಯ ಹತ್ತಿರ ಇತ್ತು, ನಿಮ್ಮವ್ವ ಒಂದು ವರ್ಷಕ್ಕಾಗುವಷ್ಟು ಕಾಳುಕಡಿ ತುಂಬಿಟ್ಟಿದ್ದರು, ಎಲ್ಲ ನೀರುಪಾಲಾಯಿತು. ಅಷ್ಟೇ. ಮದುವೆಯಾದ ವರ್ಷ ನೀನು ಹೇಳಲು ಕೂತಾಗ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಒಂದು ನಿಮಿಷ ತಡಿ ಅಂದೆ. ಆ ಒಂದು ನಿಮಿಷ ಹತ್ತು ವರ್ಷ ಆಯಿತು.

ಉಳಿದರ್ಧವನ್ನು ಬೇರೆಯವರ ಬಾಯಿಂದ ಕೇಳಿದೆ. ನೀವೆಲ್ಲ ಮಹಡಿ ಹತ್ತಿ ಜೀವ ಉಳಿಸಿಕೊಂಡದ್ದು, ಕುಡಿಯುವ ನೀರು ಮಾತ್ರ ಕೆಳಗೇ ಮುಳುಗಿದ್ದು, ನಾಲ್ಕು ವರ್ಷದ ನಿನ್ನ ತಮ್ಮ ಅಪ್ಪಾಸಾಹೇಬ ನೀರು ನೀರು ಅಂತ ಅತ್ತದ್ದು. ಹನ್ನೊಂದು ವರ್ಷದ ನೀನು ಅವನ ಅಳು ಕೇಳಲಾರದೆ, ಮೆಟ್ಟಿಲ ತನಕ ಏರಿದ್ದ ಆ ಕೆಸರು ನೀರನ್ನೇ ವಾಟಿಯಲ್ಲಿ ಮೊಗೆದು ಕುಡಿಸಿದ್ದು. ವಾರದೊಳಗೆ ವಾಂತಿಭೇದಿಯಿಂದ ಅವನು ಹೋದದ್ದು.

ನಿಮ್ಮವ್ವನ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಆ ಕೂಸಿನ ಫೋಟೋ ನೋಡಿ, ಏನಾಗಿತ್ತು ಅಂತ ನಾನು ಒಮ್ಮೆ ಕೇಳಿದ್ದೆ. ಜ್ವರಾ ಬಂದಿತ್ತು ಅಂತ ನೀನು ಮುಖ ತಿರುಗಿಸಿದ್ದೆ. ನಾನು ಎರಡನೆಯ ಸಲ ಕೇಳಲಿಲ್ಲ.

ಹನ್ನೊಂದು ನಿಮಿಷದ ಲೆಕ್ಕವೂ ಸಿಕ್ಕಿತು. ಹಳೆಯ ನೀರನ್ನು ಮಾಸ್ತರರ ತುಳಸಿಗೆ ಹಾಕುವುದು, ಕೊಡ ತೊಳೆದು ಹೊಸದು ತುಂಬುವುದು, ಪುಠಾಣಿಗೆ ಹುಳ ಬಿತ್ತೇನು ಅಂತ ನೋಡುವುದು. ಉಳಿದ ಹೊತ್ತು ಕಿಟಕಿಯಲ್ಲಿ ನಿಲ್ಲುವುದು. ಆ ಕಿಟಕಿಯಿಂದ ಹೊಳೆ ಕಾಣಿಸುತ್ತದೆ. ನಮ್ಮ ಕೋಣೆಯಿಂದ ಕಾಣಿಸುವುದಿಲ್ಲ. ನಾನು ಛತ್ರಿ ತೂಗುಹಾಕುವ ಮೊಳೆಯ ಮೇಲೆ ಆ ನೆರೆಯ ಗೆರೆ ಇನ್ನೂ ಗೋಡೆಯ ಮೇಲಿದೆ, ನನ್ನ ತಲೆಗಿಂತ ಒಂದು ಮೊಳ ಎತ್ತರ. ದಿನಾ ನೋಡುತ್ತಿದ್ದೆ.

ನೀನು ಅವರಿಗೆ ನೀರು ಕೊಡಲಿಲ್ಲ, ರೊಟ್ಟಿ ಕೊಡಲಿಲ್ಲ ಅಂತ ತಿಳಿದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಇಮ್ಮಡಿಯಾಯಿತು. ನೀರು ಕೊಟ್ಟಿದ್ದರೆ ಕೊಟ್ಟಳು, ಹೋಗಲಿ ಅನ್ನಬಹುದಿತ್ತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಮಾತನ್ನು ನೀನು ಆರೇಳು ತಿಂಗಳ ಪರಿಚಯದ ಮಾಸ್ತರರಿಗೆ ಹೇಳಿದೆ. ಅವರು ಕೇಳಿದರು, ಅದಕ್ಕೇ ಹೇಳಿದೆ. ತಪ್ಪು ಯಾರದು ಅಂತ ನನಗೆ ಗೊತ್ತಿದೆ. ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ.

ಮರುದಿನ, ಹನ್ನೆರಡನೆಯ ತಾರೀಖು, ಸ್ಕೈಲ್ಯಾಬು ಎಲ್ಲೋ ಆಸ್ಟ್ರೇಲಿಯಾದ ಕಡೆ ಬಿತ್ತು ಅಂತ ರೇಡಿಯೋ ಹೇಳಿತು. ವಾಡೆಯವರೆಲ್ಲ ತುಂಬಿಟ್ಟ ನೀರನ್ನು ಚೆಲ್ಲಿ ಅಂಗಳ ತೊಳೆದರು. ನಾನು ಕೊಡ ತುಂಬಿದೆ. ಹದಿನಾಲ್ಕು ಮೆಟ್ಟಿಲು ಹತ್ತಿದೆ, ಮೊಣಕಾಲು ಒಂಬತ್ತನೆಯದಕ್ಕೆ ಕೂಗಿತು. ಗಂಡಸು ಬ್ಯಾರೆ ನೀರು ಹೊರಾಕ ಹತ್ತ್ಯಾನ ಅಂತ ಕಾಶವ್ವ ಮಾಲಕರ ಹೆಂಡತಿಗೆ ಹೇಳುವುದು ಕೇಳಿಸಿತು. ಹಳೆಯ ನೀರು ತುಳಸಿಗೆ ಹಾಕಿ, ಹೊಸದು ತುಂಬಿ, ಕಿಟಕಿಯಲ್ಲಿ ನಿಂತು ಹೊಳೆ ನೋಡಿದೆ. ಅವತ್ತು ಪಾನಶೆತ್ ಒಡೆದು ಸರಿಯಾಗಿ ಹದಿನೆಂಟು ವರ್ಷ ಅಂತ ಮಾಸ್ತರರು ಹೇಳಲಿಲ್ಲ, ನನಗೇ ನೆನಪಾಯಿತು. ಹೊಳೆ ಕೆಂಪಗೆ, ಸುಮ್ಮನೆ ಹರಿಯುತ್ತಿತ್ತು.

ಒಂದು ಮಾತು ತಿದ್ದಬೇಕು. ಕೊಡ ಜಾರಿ ಬೀಳಲಿಲ್ಲ. ನಾನು ಒದ್ದೆ. ಅದರ ಮೈ ಒಳಗೆ ಹೋಗಿದೆ. ತಾಮ್ರದ ಕೆಲಸದವರ ಓಣಿ ತಾಂಬಟ ಆಳಿಗೆ ಒಯ್ದಿದ್ದೆ. ಏನಾತು ಅಂತ ತಾಂಬಟ ಕೇಳಿದ, ಕಾಲು ಬಡಿಯಿತು ಅಂದೆ. ತಟ್ಟಿ ತಟ್ಟಿ ನೋಡಿ, ತಗ್ಗು ಪೂರಾ ಹೋಗೋದಿಲ್ಲ, ಆದರೆ ಸೋರೋದಿಲ್ಲ ಅಂದ. ನಾನು ಹೊತ್ತು ಒಯ್ದದ್ದು ಅದನ್ನೇ.

ಟ್ರಂಕಿನಲ್ಲಿ ನಿನ್ನ ಹಸಿರು ಇಳಕಲ್ಲ ಸೀರೆ ಮಡಿಚಿ ಇಟ್ಟಿದ್ದೇನೆ. ಕೀಲಿಯನ್ನು ಮಾಸ್ತರರಿಗೇ ವಾಪಸು ಕೊಟ್ಟೆ. ನೀನು ನಂಬಿ ಕೊಟ್ಟದ್ದು, ಅವರ ಹತ್ತಿರವೇ ಇರಲಿ ಅಂತ ದೊಡ್ಡ ಮನಸ್ಸು ಮಾಡಿದೆ. ಬಾ ಅಂತ ಹೇಳುವ ಬಾಯಿ ನನಗಿಲ್ಲ. ಬಂದರೆ ಸ್ವಾರಗೇಟಿನಲ್ಲಿ ನಿಂತಿರುತ್ತೇನೆ, ಯಾವ ಬಸ್ಸು ಅಂತ ಒಂದು ಕಾರ್ಡು ಹಾಕು. ಅಪ್ಪಾಸಾಹೇಬನ ಮಾತು ನೀನು ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕು ಅನ್ನಿಸಿದರೆ ರೇಡಿಯೋ ಬಂದ್ ಮಾಡಿರುತ್ತೇನೆ.

ನಿಮ್ಮವ್ವನಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ,
ರಾಮಲಿಂಗಪ್ಪ

ತಾ. ಕ.: ಲಕೋಟೆಗೆ ಗೋಂದು ಹಚ್ಚುವ ಮೊದಲು ಮತ್ತೊಮ್ಮೆ ಓದಿದೆ. ಕೀಲಿ ವಾಪಸು ಕೊಟ್ಟೆ ಅಂತ ಬರೆದದ್ದು ಸುಳ್ಳು. ಅದನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ, ಮೂರು ದಿನದಿಂದ ಸ್ನಾನಕ್ಕೂ ಬಿಚ್ಚಿಲ್ಲ. ಮಾಸ್ತರರು ಎರಡು ಸಲ ಕೇಳಿದರು, ಎಲ್ಲಿಟ್ಟೆನೋ ನೆನಪಿಲ್ರಿ ಅಂದೆ. ನನ್ನ ಕೈಯಿಂದ ಕೊಡಲು ಆಗುವುದಿಲ್ಲ ಗೌರಾ. ನೀನು ಬಂದು ಬಿಚ್ಚಿ, ಯಾರಿಗೆ ಕೊಡಬೇಕೋ ಅವರಿಗೆ ಕೊಡು.