ಒಂದು ಹನಿ ಬಿದ್ದರೂ

ಮಾರ್ಚ್ ೩, ಬೆಳಿಗ್ಗೆ

ಅಂಗಡಿ ತೆರೆದೆ. ಶೋಕೇಸಿನ ಕನ್ನಡಕಗಳನ್ನು ಒರೆಸುತ್ತ ಫೋನ್ ನೋಡಿದರೆ ನಮ್ಮ ಕಾರು ಹುಚ್ಚರ ‘ಗಾಳಿ ಗೆಳೆಯರು’ ಗ್ರೂಪಿನಲ್ಲಿ ರಣರಂಗ. ರಿವ್ಯೂ ಬಂದಿದೆ! ನಾವೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ, ಸೂರು ತೆರೆಯುವ ಹೊಸ ಕನ್ವರ್ಟಿಬಲ್‌ನದು. ಬರೆದವನು ಕತ್ತರಿ. ಯಾವ ಹೊಸ ಕಾರು ಬಂದರೂ ಕತ್ತರಿಸಿ ಹಾಕುವ ವಿಮರ್ಶಕ; ಹೆಸರು ನಾವಿಟ್ಟದ್ದು. ಡಿಕ್ಕಿಯಲ್ಲಿ ಒಂದು ತಲೆದಿಂಬೂ ಹಿಡಿಸುವುದಿಲ್ಲವಂತೆ. ಬಟ್ಟೆ ಟಾಪ್ ಮುಚ್ಚಿದರೂ ಸೋರುತ್ತದಂತೆ. ಪಕ್ಕದ ಸೀಟಿನಲ್ಲಿ ಕೂತ ಕ್ಯಾಮೆರಾದವನ ಪ್ಯಾಂಟು ಒದ್ದೆಯಂತೆ. ಕೊನೆಯ ಸಾಲು: ‘ಈ ಕಾರಿನ ಜೊತೆ ಒಂದು ಕೊಡೆಯನ್ನೂ ಕೊಡಬೇಕು.’

ಮೈಯೆಲ್ಲ ಉರಿಯಿತು.

ನಮ್ಮ ಗ್ರೂಪಿನ ಹಿರಿಯರಾದ ವಕೀಲರು ‘ಕೇಸ್ ಹಾಕೋಣ’ ಎಂದು ಬರೆದರು. ಇನ್ನೊಬ್ಬರು ‘ಅವನಿಗೆ ಸೈಕಲ್ಲೇ ಸರಿ’ ಎಂದರು. ತಮಾಷೆಯೆಂದರೆ, ನಮ್ಮಲ್ಲಿ ಒಬ್ಬರೂ ಆ ಕಾರಿನಲ್ಲಿ ಕೂತಿಲ್ಲ. ಮುಟ್ಟಿಯೂ ಇಲ್ಲ. ಫೋಟೋ ನೋಡಿಯೇ ಆಣೆ ಹಾಕುತ್ತಿದ್ದೇವೆ. ಬುಕ್ ಮಾಡಿರುವವಳು ನಾನೊಬ್ಬಳೇ. ಹಾಗಾಗಿ ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು.

ಮಧ್ಯಾಹ್ನ

ಬರೆದೇ ಬಿಟ್ಟೆ. ರಿವ್ಯೂ ಕೆಳಗೆ, ಊರಿಗೆಲ್ಲ ಕಾಣುವ ಹಾಗೆ: ‘ನನ್ನ ಕಾರು ಬರಲಿ. ಕಾರ್ ವಾಶ್‌ಗೆ ಬನ್ನಿ, ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ. ಒಂದು ಹನಿ ಬಿದ್ದರೂ ಕಾರು ವಾಪಸ್ ಕೊಡ್ತೀನಿ, ಗ್ರೂಪ್ ಬಿಡ್ತೀನಿ, ನಿಮ್ಮ ಕ್ಷಮೆ ಕೇಳ್ತೀನಿ.’

ಉತ್ತರ ಬಂತು: ‘ಬರ್ತೀನಿ ಮೇಡಂ. ಟವೆಲ್ ನಂದೇ.’

ಅಕ್ಕನಿಗೆ ತೋರಿಸಿದೆ. “ಯಾರಾದ್ರೂ ಸೂರಿಲ್ಲದ ಕಾರು ತಗೊಳ್ತಾರೇನೇ? ಐವತ್ತು ದಾಟಿದ್ರೂ ನಿನ್ನ ಹುಚ್ಚು ಬಿಡ್ಲಿಲ್ಲ” ಎಂದಳು. ಒಂದೇ ಮನೆಯಲ್ಲಿದ್ದುಕೊಂಡು ಇಷ್ಟಾದರೂ ಹೇಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಮಾರ್ಚ್ ೧೯

ಬಂತು! ಕಡು ಹಸಿರು. ಟಾಪ್ ಮಡಚಿಕೊಂಡು ಹಿಂದೆ ಹೋಗುವುದನ್ನು ನಿಂತು ನೋಡಿದೆ… ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಇಂಥದ್ದೊಂದು ಕಂಡಿತ್ತು. ಓಡಿಸುತ್ತಿದ್ದವಳ ಕೂದಲೆಲ್ಲ ಗಾಳಿಯಲ್ಲಿ. ಅವತ್ತಿನಿಂದ ಬೇಕಿತ್ತು ಇದು. ಸಂತೋಷಕ್ಕೆ ಅಳು ಬಂತು, ಮುಚ್ಚಿಡುವುದೇನು.

ಒಂದೇ ಕೊರತೆ — ಹಾರ್ನ್. ಬೆಕ್ಕಿನ ಮರಿಯ ದನಿ. ಈ ಮುಖಕ್ಕೆ ಆ ದನಿಯೇ? ನಿಂತ ಕಾಲಿನಲ್ಲೇ ಬದಲಾಯಿಸಲು ಹೇಳಿದೆ. ಮೆಕ್ಯಾನಿಕ್ ಬ್ಯಾಟರಿ ತಂತಿ ಬಿಚ್ಚಿ, ಹೊಸದು ಕೂರಿಸಿ ಕೊಟ್ಟ. ಈಗ ಗಂಡು ದನಿ. ಬೀದಿಯೆಲ್ಲ ತಿರುಗಿ ನೋಡುತ್ತದೆ.

ಮಾರ್ಚ್ ೨೨

ಮಳೆ. ಅಕ್ಕ ಪಕ್ಕದ ಸೀಟಿನಲ್ಲಿ.

ಸೋರಿತು.

“ಕೊಡೆ ಎಲ್ಲಿ?” ಅಂದಳು ಅಕ್ಕ, ಅಷ್ಟೇ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೪

ಗ್ರೂಪಿಗೆ ಹೇಳಿಲ್ಲ. ಪರೀಕ್ಷೆ ಭಾನುವಾರ. ವಕೀಲರು ಬ್ಯಾನರ್ ಬೇರೆ ಮಾಡಿಸಿದ್ದಾರೆ — ‘ಸತ್ಯಕ್ಕೆ ಜಯ’.

ಅಂಗಡಿಯಿಂದ ಪಾರದರ್ಶಕ ಟೇಪ್ ತಂದು ಅಕ್ಕನ ಕಡೆಯ ಕಿಟಕಿ ಗಾಜಿನ ಅಂಚಿಗೆ ಹಿಡಿದೆ. ಚೂರೂ ಕಾಣುವುದಿಲ್ಲ. ಆಮೇಲೆ ಕಿತ್ತು ಬಿಸಾಕಿದೆ. ಕನ್ನಡಕದ ಫ್ರೇಮಿಗೆ ಗಾಜು ಕೂರದಿದ್ದರೆ ಅಂಟು ಹಚ್ಚಿ ದಾಟಿಸುವವಳಲ್ಲ ನಾನು. ಭಾನುವಾರ ಎಲ್ಲರೆದುರು ಸೋಲುತ್ತೇನೆ. ಕಾರು ಹೋಗುತ್ತದೆ.

ಮಾರ್ಚ್ ೨೭, ಸಂಜೆ

ಕೊನೆಯ ಸುತ್ತು ಎಂದುಕೊಂಡು ಅಕ್ಕನನ್ನು ಕರೆದುಕೊಂಡು ಹೋದೆ. ಇಳಿಯುವಾಗ ಅವಳೆಂದಳು: “ನಿನ್ನ ಕಡೆ ಬಾಗಿಲು ಹಾಕಿದ್ರೆ ಗಾಜು ಟಕ್ ಅಂತ ಮೇಲೆ ಹೋಗತ್ತೆ. ನನ್ನ ಕಡೆದು ಸುಮ್ನೆ ಕೂತಿರತ್ತೆ. ನಾನಂದ್ರೆ ಈ ಕಾರಿಗೂ ಅಸಡ್ಡೆ ನೋಡು.”

ಅಯ್ಯೋ ನನ್ನ ಬುದ್ಧಿಗೆ! ಕಾರಿನ ಕೈಪಿಡಿಯಲ್ಲೇ ಇತ್ತಲ್ಲ.

ಈ ಕಾರಿನ ಕಿಟಕಿಗೆ ಚೌಕಟ್ಟಿಲ್ಲ. ಬಾಗಿಲು ತೆರೆದಾಗ ಗಾಜು ಬೆರಳಗಲ ಇಳಿಯುತ್ತದೆ, ಮುಚ್ಚಿದಾಗ ಏರಿ ಟಾಪ್‌ನ ರಬ್ಬರಿನೊಳಗೆ ಕೂರುತ್ತದೆ. ಬ್ಯಾಟರಿ ತಂತಿ ಬಿಚ್ಚಿದರೆ ಅದಕ್ಕೆ ಆ ಅಭ್ಯಾಸ ಮರೆತುಹೋಗುತ್ತದೆ. ಸ್ವಿಚ್ ಒತ್ತಿ ಹಿಡಿದು ಮತ್ತೆ ಕಲಿಸಬೇಕು. ನನ್ನ ಕಡೆಯದನ್ನು ದಿನವೂ ಒತ್ತಿ ಹಿಡಿಯುತ್ತೇನೆ, ಕಲಿತುಬಿಟ್ಟಿದೆ. ಅಕ್ಕ ಸ್ವಿಚ್ ಮುಟ್ಟುವವಳೇ ಅಲ್ಲ! ಎಲ್ಲ ಆ ಗಂಡು ದನಿಯ ಹಾರ್ನಿನ ಪ್ರಸಾದ.

ಅವಳ ಕಡೆಯ ಸ್ವಿಚ್ ಒತ್ತಿ ಹಿಡಿದೆ. ಬಾಗಿಲು ಹಾಕಿದೆ. ಟಕ್. ಪೈಪು ಹಿಡಿದು ನೀರು ಹೊಯ್ದೆ. ಒಳಗೆ ಕೂತಿದ್ದ ಅಕ್ಕ ಕೂಗಿದಳು: “ಒಂದು ಹನೀನೂ ಇಲ್ಲ ಕಣೇ!”

ಅಂಗಳದಲ್ಲೇ ಕುಣಿದೆ.

ಮಾರ್ಚ್ ೨೮

ಗೆದ್ದೆ ಗೆದ್ದೆ ಗೆದ್ದೆ.

ಕತ್ತರಿ ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಮದುಮಗನ ಹಾಗೆ ಕೂತ. ಬ್ರಷ್‌ಗಳು ತಿರುಗಿದವು, ಟಾಪ್ ಮೇಲೆ ನೀರು ಧೋ ಎಂದಿತು. ಸ್ಟಿಯರಿಂಗ್ ಹಿಡಿದು ನಾನು ಆ ಟವೆಲನ್ನೇ ನೋಡುತ್ತಿದ್ದೆ. ಹೊರಗೆ ಬಂದ ಮೇಲೆ ಅವನು ಟವೆಲ್ ಸವರಿ ನೋಡಿದ, ಕೆನ್ನೆಗೊತ್ತಿಕೊಂಡೂ ನೋಡಿದ. “ಮೇಡಂ, ಇದು ಇಸ್ತ್ರಿ ಮಾಡಿದ ಹಾಗೇ ಇದೆ.”

“ನಿಮ್ಮ ಟೆಸ್ಟ್ ಕಾರಿನ ಬ್ಯಾಟರಿಗೆ ಏನಾದ್ರೂ ಆಗಿತ್ತಾ?”

“ಸತ್ತು ಹೋಗಿತ್ತು. ಬೇರೆ ಹಾಕ್ಸಿ ಕೊಟ್ರು. ನಿಮಗ್ಹೇಗೆ ಗೊತ್ತು?”

ಹೇಳಿದೆ. ನನ್ನದೂ ಸೋರಿತ್ತೆಂಬುದನ್ನೂ, ದೋಷ ಹಿಡಿದದ್ದು ಅಕ್ಕನೆಂಬುದನ್ನೂ ಎಲ್ಲರೆದುರು ಹೇಳಿದೆ. ಹಾಗಾದರೆ ಹನಿ ಬಿದ್ದ ಲೆಕ್ಕವೇ ಎಂದು ಯಾರೋ ಗೊಣಗಿದರು. ವಕೀಲರು ಕೈ ಎತ್ತಿದರು: “ಆಣೆ ಹಾಕಿದ್ದು ಕಾರ್ ವಾಶ್‌ಗೆ. ಮಳೆ ನಮ್ಮ ವ್ಯಾಪ್ತಿಗೆ ಬರಲ್ಲ!” ಆಮೇಲೆ ಎದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ.

ಬ್ಯಾನರ್ ಡಿಕ್ಕಿಯಲ್ಲಿ ಇಡಲು ಹೋದೆವು. ಹಿಡಿಸಲಿಲ್ಲ. “ಅದನ್ನೂ ನಾನೇ ಬರ್ದಿದ್ದೆ” ಎಂದ ಕತ್ತರಿ. ಮೊದಲ ಸಲ ಅವನ ಮಾತಿಗೆ ಎಲ್ಲರೂ ನಕ್ಕೆವು.

ಏಪ್ರಿಲ್ ೨, ಬೆಳಿಗ್ಗೆ

ತಿದ್ದುಪಡಿ ಬಂತು, ದೊಡ್ಡ ಅಕ್ಷರದಲ್ಲಿ: ‘ತಪ್ಪು ನನ್ನದು. ಕೊಡೆ ಬೇಡ. ದೋಷ ಹಿಡಿದವರು ಪಕ್ಕದ ಸೀಟಿನ ಅಕ್ಕ.’ ಅಕ್ಕ ಅದನ್ನು ಓದಿದಳು, ಮತ್ತೆ ಓದಿದಳು, ಫೋನ್ ನನ್ನ ಕೈಗಿಟ್ಟು ಎದ್ದು ಹೋದಳು. ನಾನು ಬರೆಯಲು ಕೂತೆ. ಇಷ್ಟು ವರ್ಷ ನನ್ನನ್ನು ಬೈದ ಬಾಯಿ ಈಗ

ಹಾರ್ನ್! ಗಂಡು ದನಿ. ಕಿಟಕಿಯಿಂದ ನೋಡಿದರೆ — ಟಾಪ್ ತೆರೆದಿದೆ, ಅಕ್ಕ ಜಡೆ ಬಿಚ್ಚಿಕೊಂಡು ಸ್ಟಿಯರಿಂಗ್ ಹಿಡಿದು ಕೂತಿದ್ದಾಳೆ. ನನ್ನ ಸೀಟಿನಲ್ಲಿ! “ಬರ್ತೀಯೋ ಇಲ್ಲ ನಾನೊಬ್ಬಳೇ ಹೋಗ್ಲೋ?” ಅಂತ ಬೀದಿಗೆಲ್ಲ ಕೇಳುವ ಹಾಗೆ… ಬಂದೆ ಕಣೇ, ಬಂದೆ, ಪೆನ್ನು ಕೆಳಗೆ ಇ