ಕಟಕ ರೊಟ್ಟಿಗೆ ಬಿದ್ದ ಹಲ್ಲು

ಸಾಲೋಟಗಿ
೨ ಡಿಸೆಂಬರ್ ೨೦೨೪

ಮಗಳು ರೇಣುಕಾಗೆ,

ನಿನ್ನ ಅಪ್ಪನ ಆಶೀರ್ವಾದ. ನಾವು ಆರಾಮ ಇದ್ದೇವೆ, ನೀನೂ ಆರಾಮ ಇರು. ಬರೆಯಲು ತಡವಾಯಿತು, ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನ್ ಮಾಡಿದರೆ "ಪೇಶಂಟ್ ಅದಾರಪಾ, ಆಮ್ಯಾಲೆ ಮಾತಾಡ್ತೇನಿ" ಅಂತ ಇಟ್ಟುಬಿಡುತ್ತೀ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ.

ನಿಂಬೆ ಗಿಡ ಈ ಸಲ ಚೆನ್ನಾಗಿ ಕಾಯಿ ಹಿಡಿದಿವೆ. ನಿನ್ನ ಅವ್ವನ ಮೊಣಕಾಲು ಹಾಗೇ ಇದೆ. ನೀನು ಮನೆಗೆ ಬಂದು ಎರಡು ದೀಪಾವಳಿ ಕಳೆದವು. ಇರಲಿ.

ನಿನ್ನ ಅಣ್ಣ ಮುತ್ತು ತನ್ನ ಮಗಳು ಸುವರ್ಣಾಳನ್ನು ಈ ವರ್ಷ ಇಂಡಿ ಪಟ್ಟಣದ ಶಾಲೆಗೆ ಹಾಕಿದ್ದಾನೆ. ಕಳೆದ ತಿಂಗಳು ಸಿಂದಗಿಯಿಂದ ನಿಮ್ಮ ಹಲ್ಲಿನ ದವಾಖಾನೆಯ ಗಾಡಿ ಅಲ್ಲಿಗೆ ಬಂದಿತ್ತು. ಪುಕ್ಕಟೆ ತಪಾಸಣೆಯಂತೆ! ಸಂಜೆ ಹುಡುಗಿ ಚೀಟಿ ತಂದಳು: ನಾಲ್ಕು ಹಲ್ಲು ಕೆಟ್ಟಿವೆ, ಸಿಂದಗಿಗೆ ಬಂದು ಕ್ಯಾಪ್ ಹಾಕಿಸಿರಿ. ಅದೇ ವಾರ ಆ ನಾಲ್ಕರಲ್ಲಿ ಒಂದು, ಒಣಗಿದ ಕಟಕ ರೊಟ್ಟಿ ಕಡಿಯುವಾಗ ತಾನಾಗಿ ಅಂಗೈಗೆ ಬಂತು. ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆದೆವು. ನಿಮ್ಮ ಮಾತು ಕೇಳಿದ್ದರೆ ಕ್ಯಾಪ್ ಸಮೇತ ಎಸೆಯಬೇಕಿತ್ತೇನು?

ಆದರೆ ಒಂದು ಹಲ್ಲು ನಿಜಕ್ಕೂ ನೋಯುತ್ತಿದೆ. ಉಣ್ಣುವಾಗ ಕೆನ್ನೆ ಹಿಡಿದು ಅಳುತ್ತಾಳೆ. ಅವಳ ಮುತ್ಯಾ ನಾನೇ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರ್ ಕುರ್ಚಿಯಿಂದ ಏಳಲೇ ಇಲ್ಲ.

"ಹಾಲಹಲ್ಲು, ತಾವ ಬೀಳತಾವ. ಹೋಗ್ರಿ."

"ಬಾಯಿ ನೋಡದ ಹೆಂಗ ಹೇಳತೀರಿ ಸಾಹೇಬ್ರ?"

"ಮುತ್ಯಾ, ಡಾಕ್ಟರ್ ನೀವೋ ನಾನೋ?"

"ಬಾಯಿ ನೋಡಾಂವ ಡಾಕ್ಟರ್" ಎಂದು ಹುಡುಗಿಯ ಕೈ ಹಿಡಿದು ಹೊರಗೆ ಬಂದೆ.

ಅವನಿಗೆ ನೋಡಿದರೂ ಅದೇ ಪಗಾರ, ನೋಡದಿದ್ದರೂ ಅದೇ ಪಗಾರ. ನಿನಗೋ, ಕ್ಯಾಪ್ ಹಾಕಿದರೆ ಇಷ್ಟು, ಕಿತ್ತರೆ ಇಷ್ಟು. ನೀನೇ ನಿನ್ನ ಅವ್ವನ ಮುಂದೆ ಹೇಳಿದ್ದೀ. "ಏನೂ ಆಗಿಲ್ಲವ್ವ, ಚಲೋತ್ನಾಗಿ ತಿಕ್ಕು" ಎಂದು ಹೇಳಿದ್ದಕ್ಕೆ ನಿನ್ನ ಮಾಲೀಕ ಬಿಡಿಗಾಸು ಕೊಡುವುದಿಲ್ಲ. ಅದಕ್ಕೇ ಆ ಮಾತು ನಿಮ್ಮ ಬಾಯಲ್ಲಿ ಹುಟ್ಟುವುದಿಲ್ಲ. ಅವನು ನೋಡದೆ ಅಟ್ಟುತ್ತಾನೆ, ನೀವು ನೋಡಿದ್ದೆಲ್ಲ ಕೆಟ್ಟಿದೆ ಎನ್ನುತ್ತೀರಿ. ನಿಜಕ್ಕೂ ಕೆಟ್ಟ ಹಲ್ಲು ಯಾವುದು ಎಂದು ನಾನು ಯಾರನ್ನು ನಂಬಿ ಕೇಳಲಿ?

ರವಿವಾರ ಬಾ. ಚೀಟಿ ತರಬೇಡ, ನಿನ್ನ ಸಣ್ಣ ಕನ್ನಡಿ ತಾ. ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ ನೋಡು. ಕೆಟ್ಟಿದ್ದರೆ ಕೆಟ್ಟಿದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಬರದಿದ್ದರೆ ಈ ಸಲ ನಿಂಬೆ ಉಪ್ಪಿನಕಾಯಿ ಕೂಡ ಕಳಿಸುವುದಿಲ್ಲ.

ದೇವರು ನಿನ್ನ ತಲೆಗೆ ಬೇಕಾದಷ್ಟು ಕೊಟ್ಟಿದ್ದಾನೆ. ಇನ್ನು ಕೈಗೂ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಪ್ಪ
ಧೂಳಪ್ಪ

ತಾ.ಕ.: ಆ ಗಾಡಿಯಲ್ಲಿ ಬಂದವಳು ನೀನೇ ಎಂದು ಸುವರ್ಣಾ ನಿನ್ನೆ ಹೇಳಿದಳು. ನಾನು ನಿನ್ನನ್ನು ಬೈಯುತ್ತೇನೆಂದು ಇಷ್ಟು ದಿನ ಮುಚ್ಚಿಟ್ಟಿದ್ದಳಂತೆ. ಮಾಸ್ಕಿನಿಂದ ಮಾರಿ ಮುಚ್ಚಿದ್ದರೂ ನಿನ್ನ ದನಿ ಗುರುತು ಹಿಡಿದು, ನೀನು ಹೆಸರು ಹಿಡಿದು ಕರೆಯುತ್ತೀ ಎಂದು ಬಾಯಿ ತೆರೆದು ಕಾದಳಂತೆ. ನೀನು ಪಕ್ಕದವಳ ಕೈಲಿ "ನಾಕು" ಎಂದು ಬರೆಸಿ, "ಮುಂದಿನವ್ರು ಬರ್ರಿ" ಅಂದೆಯಂತೆ.

"ಮುತ್ಯಾ, ಅತ್ತಿ ನನ್ನ ಬಾಯಿ ನೋಡಿದ್ಲು. ಮಾರಿ ನೋಡ್ಲಿಲ್ಲ."