ಪಾಳೆಂದು ಗುರುತಿಸಿದ ಮನೆ

ಅಡಿಲೇಡ್,
14 ಜೂನ್ 2015

ಪ್ರಿಯ ಜ್ಯೋತ್ಸ್ನಾ,

ನೀನೂ ಪುಟ್ಟಿ ಗೌತಮಿಯೂ ಕ್ಷೇಮವೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಾದರೆ ಜೋಕು ಹೊಡೆದು ಜಾರಿಕೊಳ್ಳುತ್ತೇನೆ ಎಂದು ನೀನೇ ದೂರುತ್ತೀಯಲ್ಲ, ಅದಕ್ಕೇ ಈ ಕಾಗದ.

ಬ್ರಿಸ್ಬೇನ್‌ನ ಟೂವಾಂಗ್ ಕೋಣೆ ಬಿಟ್ಟು ಇಲ್ಲಿಗೆ ಬಂದರೂ ಕಾಲು ಒಂದೆಡೆ ನಿಲ್ಲುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆಂದು ತಿಳಿಯದು. ಕೆಲಸ ಅದೇ: ಅರವತ್ತರ ದಶಕದ ಸರ್ವೇಯವರು ಬರೆದ ಮರಳುಗಾಡಿನ ನಕ್ಷೆಗಳನ್ನು ಈಚಿನ ವಿಮಾನದ ಫೋಟೋಗಳೊಂದಿಗೆ ಹೋಲಿಸಿ ಕಂಪ್ಯೂಟರಿಗೆ ಇಳಿಸುವುದು. ದನದ ದೊಡ್ಡಿ, ಕೊಳವೆಬಾವಿ, ಎಣ್ಣೆಬಾವಿ. ಅಳಿಯ ಎಣ್ಣೆಯ ಹಿಂದೆ ಬಿದ್ದಿದ್ದಾನೆಂದು ನಿಮ್ಮಪ್ಪನಿಗೆ ಮಾತ್ರ ಹೇಳಬೇಡ. ಕೆಲವು ಹಾಳೆಗಳು ಎಷ್ಟು ಸಪಾಟೆಂದರೆ, ನನ್ನ ಹೊಟ್ಟೆಯ ಮೇಲೇ ಅದಕ್ಕಿಂತ ಹೆಚ್ಚು ಏರುತಗ್ಗುಗಳಿವೆ.

ಕಳೆದ ವಾರ ಪಜೀತಿಯಾಯಿತು. ಹಳೆಯ ಹಾಳೆಯಲ್ಲಿ ದನ ಸಾಕುವವರ ಒಂಟಿಮನೆಯೊಂದಿತ್ತು. ಫೋಟೋದಲ್ಲಿ ಗಾಡಿಯಿಲ್ಲ, ಒಣಹಾಕಿದ ಬಟ್ಟೆಯಿಲ್ಲ. ನಾನು ‘ಪಾಳು’ ಎಂದು ಗುರುತು ಹಾಕಿಬಿಟ್ಟೆ. ಅನುಮಾನ ಬಂದರೆ ಆ ಮನೆಯವರನ್ನೇ ಕೇಳಬೇಕೆಂಬುದು ನಮ್ಮ ಆಫೀಸಿನ ನಿಯಮ. ನನಗೆ ಅನುಮಾನವೇ ಬರಲಿಲ್ಲ. ಪರಿಶೀಲನೆಗೆಂದು ಆ ಕಡೆಯವರಿಗೆ ಕಳಿಸಿದ ನಕ್ಷೆಯ ಪ್ರತಿ ನೋಡಿ ಅಲ್ಲಿನ ಅಜ್ಜಿಯೇ ಫೋನ್ ಮಾಡಿದಳು. ಪಕ್ಕದ ಸೀಟಿನ ಚಾಮರಾಜ ರಿಸೀವರ್ ಚಾಚಿ, “ತಗೊಳಪ್ಪ ಗುರು, ಪಾಳುಮನೆಯಿಂದ ಕಾಲ್ ಬಂದಿದೆ!” ಎಂದ.

ಅಜ್ಜಿ ತನ್ನ ಇಂಗ್ಲಿಷಿನಲ್ಲಿ ಜಾಡಿಸಿದ್ದರ ಸಾರಾಂಶ ಇಷ್ಟು: “ಅಲ್ಲಯ್ಯಾ, ಆ ಫೋಟೋ ತೆಗೆದಿದ್ದು ದನ ಒಟ್ಟುಮಾಡೋ ಕಾಲದಲ್ಲಿ. ಮನೆಮಂದಿಯೆಲ್ಲಾ ದನದ ಹಿಂದೆ ಹೋಗಿದ್ವಿ. ಹೋದೋರು ವಾಪಸ್ ಬರ್ತಾರೆ ಅಂತ ಗೊತ್ತಿಲ್ವಾ ನಿಂಗೆ?”

ಸಾರಿ ಕೇಳಿ, ಪಾಳನ್ನು ಮತ್ತೆ ಮನೆ ಮಾಡಿದೆ. ಅಂದಿನಿಂದ ಚಾಮರಾಜನಿಗೆ ನಾನು ‘ಪಾಳೇಗಾರ’.

ಇನ್ನೆರಡು ವರ್ಷ ಇಲ್ಲೇ ಇರುತ್ತೀಯಾ ಎಂದು ಬಾಸ್ ಕೇಳಿದ್ದಾರೆ. ನೀವಿರುವ ಪರ್ತ್‌ನಲ್ಲೂ ಸಣ್ಣದೊಂದು ಕೆಲಸ ಖಾಲಿಯಿದೆಯಂತೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಪುಟ್ಟಿಗೆ ನನ್ನ ಆಶೀರ್ವಾದವನ್ನು ಕನ್ನಡದಲ್ಲೇ ಹೇಳು. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಚಿಂತೆಯಿಲ್ಲ. ನೀನು ಚಳಿಗೆ ಹುಷಾರು.

ನಿನ್ನ,
ಗುರುದತ್

ಮರೆತ ಮಾತು: ಗೌತಮಿ ಶಾಲೆಗೆಂದು ಬರೆದ ನಮ್ಮ ಪಿಯಾರಾ ವಾಟರ್ಸ್ ಮನೆಯ ನಕ್ಷೆಯನ್ನು ಫೋನಿಗೆ ಕಳಿಸಿದ್ದೆಯಲ್ಲ, ನೋಡಿದೆ. ಅಮ್ಮನ ಕೋಣೆ, ಅವಳ ಕೋಣೆ, ನಿಂಬೆಗಿಡ, ಎಲ್ಲಕ್ಕೂ ಹೆಸರಿದೆ. ನಾನು ಕಾರು ನಿಲ್ಲಿಸುತ್ತಿದ್ದ ಜಾಗಕ್ಕೆ ‘ವಿಸಿಟರ್ಸ್’ ಎಂದು ಬರೆದಿದ್ದಾಳೆ. ಅವಳಿಂದ ತಿದ್ದಿಸಬೇಡ, ಕಂಡದ್ದನ್ನು ಬರೆದಿದ್ದಾಳೆ. ಆದರೆ ಈ ಸಲ ನನಗೆ ಅನುಮಾನ ಬಂದಿದೆ. ಅದಕ್ಕೇ ನಿಯಮದಂತೆ ಆ ಮನೆಯವರನ್ನೇ ಕೇಳುತ್ತಿದ್ದೇನೆ: ಜ್ಯೋ, ಅಲ್ಲಿ ನಾನಿನ್ನೂ ವಾಸವಾಗಿದ್ದೇನಾ?